ಡೈವಿಂಗ್ ಮಾಡಿ ಬಂದ ಮೇಲೆ ತಲೆನೋವು ಯಾಕೆ? ಡಾಕ್ಟರಲ್ಲಿ ಕೇಳಿ

ಪ್ರಶ್ನೆ, ಕುಂಬಳೆಯ ಟೀಚರ್:
ನಮಸ್ಕಾರ ಡಾಕ್ಟ್ರೇ. ರಜೆಯಲ್ಲಿ ನಾವು ಕೆಲವು ಟೀಚರುಗಳು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿದೆವು. ನನಗೆ ಮೊದಲ ಸಲ. ನೀರೊಳಗೆ ಖುಷಿಯಾಗಿತ್ತು. ಆದರೆ ಮೇಲೆ ಬರುವ ಹೊತ್ತಿಗೆ ತಲೆ ಭಾರ. ದಡ ಮುಟ್ಟುವಾಗ ಇಡೀ ತಲೆ ಸಿಡಿಯುತ್ತಿತ್ತು. ಪ್ಯಾರಾಸಿಟಮಾಲ್ ತಿಂದರೂ ಕಡಿಮೆ ಆಗಲಿಲ್ಲ. ರಾತ್ರಿ ಮಲಗಿ ಎದ್ದಾಗ ಹೋಗಿತ್ತು. ಶೀತ ಇರಲಿಲ್ಲ. ಗಾಳಿ ಬೇಗ ಮುಗಿಯಬಾರದು ಅಂತ ಉಸಿರು ತಡೆದು ತಡೆದು ತೆಗೆದುಕೊಂಡಿದ್ದೆ. ತಲೆಯೊಳಗೆ ಗಾಳಿಗುಳ್ಳೆ ಆಗಿರಬಹುದಾ? ಮನೆಯವರು ಸ್ಕ್ಯಾನ್ ಮಾಡಿಸು ಅಂತಿದ್ದಾರೆ.

ಉತ್ತರ, ಡಾಕ್ಟರ್:
ಟೀಚರೇ, ಉಸಿರು ತಡೆದೆ ಅಂತ ಬರೆದಿದ್ದೀರಲ್ಲ, ನನ್ನ ಗುಮಾನಿ ಅದರ ಮೇಲೆಯೇ. ಸಿಲಿಂಡರಿನ ಗಾಳಿ ಉಳಿಸಲು ಹೊಸಬರು ಹೀಗೆ ಮಾಡುವುದು ಉಂಟು. ಸರಿಯಾಗಿ ಉಸಿರು ಬಿಡದಿದ್ದರೆ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ಅದು ಜಾಸ್ತಿಯಾದಾಗ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಮಿಡಿಯುತ್ತದೆ. ಡೈವ್‌ನ ಕೊನೆಗೆ ಶುರುವಾಗುವುದು, ಮಾತ್ರೆಗೆ ಅಷ್ಟಾಗಿ ಬಗ್ಗದಿರುವುದು, ಕೆಲವು ಗಂಟೆಗಳಲ್ಲಿ ತಾನೇ ಇಳಿಯುವುದು, ಎಲ್ಲ ಇದಕ್ಕೆ ಹೊಂದುತ್ತದೆ. ಭಯಕ್ಕೆ ಮೇಲೆಮೇಲೆ ಬೇಗಬೇಗ ಉಸಿರಾಡಿದರೂ ಹೀಗೇ. ನಿಧಾನ, ಆಳ, ನಿಲ್ಲಿಸದೆ ಉಸಿರಾಡಬೇಕು. ಗಾಳಿ ಬೇಗ ಕಡಿಮೆಯಾದರೆ ಆಗಲಿ, ಮುಗಿಯುವ ಮೊದಲೇ ಮೇಲೆ ಬಂದರಾಯಿತು.

ಇದು ಬರೀ ತಲೆನೋವಿನ ಮಾತೂ ಅಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ಸೇರಬಹುದು. ನೀವು ಹೆದರಿದ ಗಾಳಿಗುಳ್ಳೆ ಹೀಗೆ ಮೆದುಳಿಗೆ ಹೋಗುವುದೂ ಉಂಟು. ಆದರೆ ಅದು ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ: ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುವುದು. ನಿಮಗೆ ಇದ್ಯಾವುದೂ ಆಗಿರಲಿಲ್ಲ, ನೋವು ಮತ್ತೆ ಬಂದಿಲ್ಲ ಅಂದರೆ ಸ್ಕ್ಯಾನಿಗೆ ಅವಸರ ಮಾಡುವುದು ಬೇಡ. ನಿಮಗೆ ಮೊದಲೇ ಮೈಗ್ರೇನ್ ಉಂಟಾ?

ಕುಂಬಳೆಯ ಟೀಚರ್:
ಇಲ್ಲ ಡಾಕ್ಟ್ರೇ. ಆದರೆ ಬೋಟಿನಲ್ಲಿ ವಾಂತಿಯಾಗಿತ್ತು, ನೀರೂ ಸರಿಯಾಗಿ ಕುಡಿದಿರಲಿಲ್ಲ.

ಡಾಕ್ಟರ್:
ಹಾಗಾದರೆ ಅದೂ ಸೇರಿಕೊಂಡಿದೆ. ಬಿಸಿಲು, ಉಪ್ಪುನೀರು, ವಾಂತಿ. ಇನ್ನೊಮ್ಮೆ ಹೋಗುವಾಗ ಮುಂಚಿನ ದಿನದಿಂದಲೇ ನೀರು, ಬೊಂಡ ಕುಡಿಯಿರಿ. ಮಾಸ್ಕಿನ ಪಟ್ಟಿ ಬಿಗಿದು ಕಟ್ಟಬೇಡಿ. ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರನ್ನು ಹಲ್ಲಿನಲ್ಲಿ ಗಟ್ಟಿ ಕಚ್ಚಿ, ಕತ್ತು ಮೇಲಕ್ಕೆತ್ತಿಯೇ ಈಜಿದರೂ ಕಣತಲೆ, ಕತ್ತು ನೋಯುತ್ತದೆ.

ಬದಿಯಡ್ಕದ ಸದಸ್ಯ:
ಡಾಕ್ಟ್ರೇ, ನನ್ನ ತಮ್ಮನಿಗೆ ಇಳಿಯುವಾಗಲೇ ಹುಬ್ಬಿನ ಮೇಲೆ ಚುಚ್ಚಿದ ಹಾಗೆ ನೋವು. ಮೇಲೆ ಬಂದಾಗ ಮಾಸ್ಕಿನಲ್ಲಿ ರಕ್ತ! ಶೀತ ಇತ್ತು, ಮೂಗು ಬಿಡುವ ಗುಳಿಗೆ ತಿಂದು ಹೋಗಿದ್ದ.

ಡಾಕ್ಟರ್:
ಇದು ಬೇರೆಯೇ ಕಥೆ. ಹಣೆ, ಕೆನ್ನೆಯ ಮೂಳೆಯೊಳಗಿನ ಸೈನಸಿಗೂ ಮೂಗಿಗೂ ಸಣ್ಣ ದಾರಿ ಉಂಟು. ಶೀತಕ್ಕೆ ಅದು ಕಟ್ಟಿದರೆ ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗುವುದಿಲ್ಲ. ಒಳಪೊರೆ ಊದಿ ರಕ್ತ ಒಸರುತ್ತದೆ. ಗುಳಿಗೆ ನಂಬಿ ಹೋಗುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ನೀರೊಳಗೆ ಇರುವಾಗಲೇ ಅದರ ಬಲ ಇಳಿದರೆ, ಒಳಗಿನ ಗಾಳಿ ಹೊರಬರಲಾಗದೆ ಮೇಲೆ ಏರುವಾಗ ನೋವು. ಆಗ ಕೆಳಗೂ ಇರಲಾಗದು, ಮೇಲೂ ಬರಲಾಗದು. ತಮ್ಮನ ಮೂಗು ಪೂರ್ತಿ ಬಿಡುವವರೆಗೆ ಡೈವಿಂಗ್ ಬೇಡ. ರಕ್ತ ನಿಂತಿಲ್ಲವಾದರೆ, ಜ್ವರ ಬಂದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.

ಮಂಜೇಶ್ವರದ ಸದಸ್ಯೆ:
ಒಟ್ಟಿಗೆ ಹೋದ ಎಲ್ಲರಿಗೂ ತಲೆನೋವು ಬಂದರೆ?

ಡಾಕ್ಟರ್:
ಒಳ್ಳೆ ಪ್ರಶ್ನೆ ಅಕ್ಕಾ. ಆಗ ಸಿಲಿಂಡರಿನ ಗಾಳಿಯ ಮೇಲೆ ಸಂಶಯ ಪಡಬೇಕು. ಗಾಳಿ ತುಂಬಿಸುವ ಕಂಪ್ರೆಸರ್ ಇಂಜಿನ್ನಿನ ಹೊಗೆ ಎಳೆದುಕೊಂಡರೆ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ಬಾವಿಯೊಳಗೆ ಪೆಟ್ರೋಲ್ ಪಂಪ್ ಇಟ್ಟು ನಡೆಸಿದ ಹಾಗೆ. ಆ ಅನಿಲಕ್ಕೆ ವಾಸನೆ ಇಲ್ಲ, ಹಾಗಾಗಿ ಮೂಸಿ ನೋಡಿ ಧೈರ್ಯ ಮಾಡಬೇಡಿ. ಎಣ್ಣೆ, ಹೊಗೆಯ ವಾಸನೆ ಬಂದರಂತೂ ಇಳಿಯಲೇ ಬಾರದು. ತಲೆನೋವಿನ ಜೊತೆ ವಾಕರಿಕೆ, ಮಂಕು ಕವಿದರೆ ಆಕ್ಸಿಜನ್ ಕೊಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಿಲಿಂಡರನ್ನು ಖಾಲಿ ಮಾಡದೆ ಇಡಲು ಹೇಳಿ, ಪರೀಕ್ಷೆಗೆ ಬೇಕಾಗುತ್ತದೆ.

ಬದಿಯಡ್ಕದ ಸದಸ್ಯ:
ಡೈವಿಂಗ್ ಮುಗಿಸಿ ಮರುದಿನ ಬೆಳಿಗ್ಗೆ ಮಡಿಕೇರಿಗೆ ಹೋಗಬಹುದಾ? ವಿಮಾನ ಹತ್ತಬಾರದು ಅಂತ ಕೇಳಿದ್ದೆ.

ಡಾಕ್ಟರ್:
ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ವಿಮಾನದ ನಿಯಮವನ್ನೇ ಹಿಡಿಯಿರಿ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಮಾಡಿದ್ದರೆ 18 ಗಂಟೆ ಬಿಡಬೇಕು. ಅವಸರಪಟ್ಟರೆ ರಕ್ತ, ಅಂಗಾಂಶಗಳಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಬಹುದು. ಬರೀ ತಲೆನೋವು ಅದರ ಲಕ್ಷಣ ಆಗುವುದು ಅಪರೂಪ. ಗಂಟುನೋವು, ಜೋಮು, ತಲೆತಿರುಗು ಸೇರಿದರೆ ಘಾಟಿ ಹತ್ತಬೇಡಿ. 108ಕ್ಕೆ ಫೋನ್ ಮಾಡಿ, ಡೈವ್ ಮಾಡಿದ್ದೇವೆ ಅಂತ ಮೊದಲೇ ಹೇಳಿ.