ಟ್ರಾಯ್ ಯುದ್ಧ: ಇಲಿಯಡ್‌ನಲ್ಲಿ ಮರದ ಕುದುರೆ ಏಕಿಲ್ಲ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಗ್ರೀಕರು ಹತ್ತು ವರ್ಷ ಮುತ್ತಿಗೆ ಹಾಕಿದ ಟ್ರಾಯ್ ನಗರದ ಯುದ್ಧವೆಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಗ್ರೀಕರು ಒಳಗೆ ಅಡಗಿ ನಗರ ಹೊಕ್ಕ ಮರದ ಕುದುರೆ ಮತ್ತು ಗ್ರೀಕ್ ವೀರ ಅಕಿಲೀಸನ ಮೈಯಲ್ಲಿ ಗಾಯವಾಗಬಲ್ಲ ಒಂದೇ ಜಾಗವಾದ ಹಿಮ್ಮಡಿ. ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ 24 ಸರ್ಗಗಳಲ್ಲಿ ಆ ಎರಡೂ ಕಥೆಗಳಿಲ್ಲ, ನಗರ ಬೀಳುವ ಪ್ರಸಂಗವೂ ಇಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ಬೀದರ್ ಕೋಟೆಯಲ್ಲಿ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕವನ್ನು ನೋಡಿ ಬಂದ ವಿದ್ಯಾರ್ಥಿಗಳು, ಮುತ್ತಿಗೆಯಲ್ಲಿ ಸಿಕ್ಕವರು ಹತ್ತು ವರ್ಷ ಏನು ತಿಂದು ಬದುಕಿದರು ಎಂದೂ ಕೇಳುತ್ತಿದ್ದಾರೆ. ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ 1 (ಬೀದರ್)

ಗುರುಗಳೇ, ಇಲಿಯಡ್ ಇಡೀ ಯುದ್ಧದ ಕಥೆಯಲ್ಲ. ಹತ್ತನೆಯ ವರ್ಷದ ಕೆಲವೇ ವಾರಗಳಲ್ಲಿ ಅಕಿಲೀಸನ ಕೋಪ ಹುಟ್ಟಿ, ಬೆಳೆದು, ಇಳಿದ ಕಥೆ. ಕುದುರೆಯ ಪ್ರಸಂಗ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಗಾಯಕ ಡೆಮೊಡೊಕಸನ ಹಾಡಾಗಿ ಬರುತ್ತದೆ. ವಿಸ್ತಾರವಾಗಿ ಸಿಗುವುದು ರೋಮನ್ ಕವಿ ವರ್ಜಿಲನ ಕಾವ್ಯ ಈನಿಯಡ್‌ನ ಎರಡನೆಯ ಸರ್ಗದಲ್ಲಿ. ಹಿಮ್ಮಡಿಯ ವಿಷಯಕ್ಕೆ ಬಂದರೆ, ಅಕಿಲೀಸನ ತಾಯಿ ಥೆಟಿಸ್ ಮಗುವನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆಯನ್ನು ಹೇಳುವವನು ಕ್ರಿ.ಶ. 1ನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸ್.

ಕುದುರೆಗಿಂತ ಮೊದಲು ಮಕ್ಕಳಿಗೆ ಕೊನೆಯ ಸರ್ಗವನ್ನು ಓದಿ ಹೇಳಿ ಎಂಬುದು ನನ್ನ ಕೋರಿಕೆ. ಟ್ರಾಯ್‌ನ ಮುದಿ ರಾಜ ಪ್ರಯಮ್, ಅಕಿಲೀಸ್ ಕೊಂದ ತನ್ನ ಮಗ ಹೆಕ್ಟರನ ಶವ ಬಿಡಿಸಿಕೊಳ್ಳಲು ಒತ್ತೆಯ ಧನವನ್ನು ಬಂಡಿಗೆ ಹೇರಿಕೊಂಡು, ಹರ್ಮೀಸ್ ದೇವತೆಯ ನೆರವಿನಿಂದ ರಾತ್ರಿ ಶತ್ರುಪಾಳೆಯಕ್ಕೆ ಬಂದು, ಅಕಿಲೀಸನ ಮೊಣಕಾಲು ಹಿಡಿದು, ತನ್ನ ಮಕ್ಕಳನ್ನು ಕೊಂದ ಆ ಕೈಗಳಿಗೆ ಮುತ್ತಿಡುತ್ತಾನೆ. ಅಕಿಲೀಸನಿಗೆ ಊರಿನಲ್ಲಿರುವ ತನ್ನ ತಂದೆ ಪೀಲಿಯಸ್ ನೆನಪಾಗುತ್ತಾನೆ, ಇಬ್ಬರೂ ಅಳುತ್ತಾರೆ. ಬಳಿಕ ಶವವನ್ನು ಪ್ರಯಮನ ಕಣ್ಣಿಗೆ ಬೀಳದಂತೆ ಆಚೆ ಒಯ್ದು ತೊಳೆಯಲು ದಾಸಿಯರಿಗೆ ಹೇಳುತ್ತಾನೆ: ಮಗನನ್ನು ಕಂಡು ಮುದುಕ ಸಿಡಿದೆದ್ದರೆ ತನ್ನ ಕೋಪವೂ ಕೆರಳಿ ಅವನನ್ನು ಕೊಂದುಬಿಟ್ಟೇನು ಎಂಬ ಭಯ ಅವನಿಗೆ. ಕರುಣೆ ಹುಟ್ಟಿದ ಮೇಲೂ ತನ್ನ ಕೈಯನ್ನು ತಾನೇ ನಂಬದ ವೀರನನ್ನು ತೋರಿಸುವ ಈ ಕವಿಯ ಎದುರು ನಾನು ಪ್ರತಿ ಸಲವೂ ಬೆರಗಾಗುತ್ತೇನೆ.

ಉತ್ತರ 2 (ಯಾದಗಿರಿ)

ಮುತ್ತಿಗೆಯ ಬಗ್ಗೆ ಹೇಳುವುದಾದರೆ, ಟ್ರಾಯ್ ಸುತ್ತಲೂ ಮುಚ್ಚಿಹೋದ ನಗರವಾಗಿರಲಿಲ್ಲ. ಅದರ ಯೋಧರು ಹೊರಗೆ ಬಂದು ಬಯಲಿನಲ್ಲಿ ಕಾದುತ್ತಾರೆ, ಲಿಸಿಯಾದ ಸರ್ಪೆಡಾನ್, ಥ್ರೇಸಿನ ರೀಸಸ್ ಮೊದಲಾದವರು ಅವರ ನೆರವಿಗೆ ಬರುತ್ತಾರೆ. ಗ್ರೀಕರಿಗೇ ಆಹಾರದ ಕೊರತೆಯಿತ್ತು. ಸೈನ್ಯದ ಒಂದು ಪಾಲು ಬೇಸಾಯಕ್ಕೂ ಸುಲಿಗೆಗೂ ಹೋಗುತ್ತಿದ್ದುದರಿಂದಲೇ ಯುದ್ಧ ಎಳೆಯಿತು ಎಂದು ಇತಿಹಾಸಕಾರ ಥುಸಿಡಿಡೀಸ್ ವಾದಿಸುತ್ತಾನೆ. ಹಡಗಿನಲ್ಲಿ ಹೋಗಿ 12, ನೆಲದ ಮೇಲೆ 11 ಊರುಗಳನ್ನು ಕೆಡವಿದೆನೆಂದು ಅಕಿಲೀಸನೇ ಇಲಿಯಡ್‌ನಲ್ಲಿ ಹೇಳಿಕೊಳ್ಳುತ್ತಾನೆ.

ಇತಿಹಾಸದ ತರಗತಿಯಾದ್ದರಿಂದ ಟ್ರಾಯ್ ಇದ್ದ ಜಾಗವೆಂದು ಗುರುತಿಸಿರುವ ಟರ್ಕಿಯ ಹಿಸಾರ್ಲಿಕ್ ದಿಬ್ಬವನ್ನೂ ಹೇಳಿ. ಅಲ್ಲಿ ಒಂದರ ಮೇಲೊಂದು ಒಂಬತ್ತು ಮುಖ್ಯ ಪದರಗಳಿವೆ. 1873ರಲ್ಲಿ ಅಲ್ಲಿ ಅಗೆದ ಜರ್ಮನಿಯ ಶ್ಲೀಮನ್ ಪ್ರಯಮನದೆಂದು ಸಾರಿದ ಚಿನ್ನದ ನಿಧಿ, ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು.

ಉತ್ತರ 3 (ಕಲಬುರಗಿ)

ಸರ್, ಕನ್ನಡದ ದಾರಿಯಿಂದಲೂ ಈ ಯುದ್ಧದ ಒಳಗೆ ಹೋಗಬಹುದು. ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗದೆ ಇನ್ನೊಬ್ಬ ಗ್ರೀಕ್ ನಾಯಕ ಒಡಿಸ್ಯೂಸನ ಪಾಲಾದಾಗ ಗ್ರೀಕ್ ವೀರ ಅಜಾಕ್ಸ್ ಹುಚ್ಚನಾಗಿ, ಗ್ರೀಕ್ ನಾಯಕರೆಂದು ಭ್ರಮಿಸಿ ದನಕುರಿಗಳನ್ನು ಕಡಿದು, ಅರಿವು ಬಂದ ಮೇಲೆ ಪ್ರಾಣ ಬಿಡುತ್ತಾನೆ. ಈ ಕಥೆಯನ್ನು ಹೇಳುವ, ಗ್ರೀಕ್ ನಾಟಕಕಾರ ಸೋಫೊಕ್ಲೀಸನ 'ಅಜಾಕ್ಸ್' ನಾಟಕವನ್ನು ಆಧರಿಸಿಯೇ ಬಿ.ಎಂ.ಶ್ರೀ ಅವರು 'ಅಶ್ವತ್ಥಾಮನ್' ರಚಿಸಿದರು. ಮಹಾಭಾರತ ಬಲ್ಲ ಮಕ್ಕಳಿಗೆ ಅದರ ಒಂದು ದೃಶ್ಯವನ್ನು ಓದಿಸಿ, ಆಮೇಲೆ ಅಜಾಕ್ಸನ ಕಥೆ ಹೇಳಿದರೆ ಹೆಚ್ಚು ವಿವರಣೆಯೇ ಬೇಕಾಗದು.