ಅಪ್‌ಡೇಟ್: ಚೆಕಿಂಗ್‌ನಲ್ಲಿ ತಮ್ಮನ ಫೋನ್ ತೆಗೆಸಿ ನೋಡಿದ ವಿಷಯ

ಹಾಸನದಲ್ಲಿ ರಾತ್ರಿ ಬೈಕ್ ನಿಲ್ಲಿಸಿದ ಪೊಲೀಸರು ನನ್ನ ತಮ್ಮನ ಫೋನ್ ಲಾಕ್ ತೆಗೆಸಿ ವಾಟ್ಸ್‌ಆ್ಯಪ್, ಗ್ಯಾಲರಿ ಎಲ್ಲ ನೋಡಿದರು, ಇದು ಸರಿಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ವಕೀಲರನ್ನು ಕಂಡೆವು. ಅವರು ಹೇಳಿದ್ದು ಇಷ್ಟು: ಗಾಡಿ ನಿಲ್ಲಿಸಿ ಡಿಎಲ್, ಆರ್‌ಸಿ ಕೇಳುವುದು ಪೊಲೀಸರ ಅಧಿಕಾರ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಫೋನ್ ಮಾತ್ರ ಬೇರೆ ಲೆಕ್ಕ. ತನಿಖೆಗೆ ಫೋನ್ ಜಾಲಾಡಬೇಕಿದ್ದರೂ ಸಾಮಾನ್ಯವಾಗಿ ಕೋರ್ಟ್ ವಾರಂಟ್ ಬೇಕು, ತುರ್ತಾದರೆ ಅಧಿಕಾರಿ ಕಾರಣ ಬರೆದಿಡಬೇಕು ಅಂತ ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ. ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 105ನೇ ಕಲಂ ಪ್ರಕಾರ ಶೋಧವನ್ನು ವಿಡಿಯೊ ಕೂಡ ಮಾಡಬೇಕು. ತಮ್ಮನ ಮೇಲೆ ಯಾವ ಕೇಸೂ ಇರಲಿಲ್ಲ. ಆದರೂ ಅಕ್ಕನ ಸೀಮಂತದ ಫೋಟೊಗಳನ್ನೂ ಒಂದೊಂದಾಗಿ ಸರಿಸಿ ನೋಡಿದ್ದಾರೆ. ನನಗೆ ಜಾಸ್ತಿ ನೋವಾಗಿದ್ದು ಅದೇ.

ದಿನ, ಸಮಯ, ಜಾಗ ಬರೆದು ಮೇಲಧಿಕಾರಿಗಳಿಗೆ ದೂರು ಕೊಟ್ಟೆವು. ಸೀಲ್ ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಂಡೆವು. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ಆಗಲ್ಲ. ತಮ್ಮನನ್ನು ಕೂರಿಸಿ ಹೇಳಿಕೆ ಬರೆಸಿಕೊಂಡಿದ್ದಾರೆ, ವಿಚಾರಣೆ ನಡೆಯುತ್ತಿದೆ.

ಹೆಣ್ಣುಮಕ್ಕಳ ಬಗ್ಗೆಯೂ ಒಬ್ಬರು ಕೇಳಿದ್ದರಲ್ವಾ? ಅವರ ಮೈ ತಪಾಸಣೆಯನ್ನು ಮಹಿಳೆಯರೇ ಮಾಡಬೇಕು, ಅದೂ ಮರ್ಯಾದೆಗೆ ಕುಂದು ಬರದ ಹಾಗೆ. ಇದು ಕಾನೂನಲ್ಲೇ ಇದೆ.