ರಿಪೇರಿ ಬೇಕಿರುವ ಹಳೇ ಮನೆ ಕೊಳ್ಳಲು ಎಂಥ ಬ್ರೋಕರ್ ಸರಿ?

ಹಳೇಮನೆ_ಹುಡುಕಾಟ:
ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ 30x40 ಸೈಟಿನಲ್ಲಿರುವ 35–40 ವರ್ಷದ ಮನೆ ಕೊಂಡು ರಿಪೇರಿ ಮಾಡಿಸಿಕೊಳ್ಳುವ ಯೋಚನೆ. ಬಜೆಟ್ 1 ಕೋಟಿ ಆಸುಪಾಸು, ಸಾಲ ಬೇಕೇ ಬೇಕು. ಮೂವರು ಬ್ರೋಕರ್‌ಗಳು ಮನೆ ತೋರಿಸ್ತಿದ್ದಾರೆ. ಒಬ್ಬರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ತೋರಿಸ್ತಾರೆ. ಇನ್ನೊಬ್ಬರು ಅದೇ ಬಡಾವಣೆಯ ಹಳಬರು. ಮೂರನೆಯವರು ‘ಲಾಯರ್, ಮೇಸ್ತ್ರಿ, ಬ್ಯಾಂಕ್ ಎಲ್ಲಾ ನಾವೇ ನೋಡ್ಕೋತೀವಿ’ ಅಂತಾರೆ, ಆದರೆ ಕಮಿಷನ್ 2% ಕೇಳ್ತಾರೆ. ಯಾರನ್ನು ಹಿಡಿಯೋದು?

ಕಡತ_ಕಟ್ಟು:
ರೇರಾ ನಂಬರಿಗೆ ಇಲ್ಲಿ ಅಷ್ಟೊಂದು ಬೆಲೆ ಕೊಡಬೇಡಿ. 2016ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ಗಳ ಫ್ಲ್ಯಾಟ್, ಸೈಟ್ ಮಾರಿಸುವ ಏಜೆಂಟರು ನೋಂದಾಯಿಸಿಕೊಳ್ಳಬೇಕು. ಒಬ್ಬರಿಂದ ಒಬ್ಬರಿಗೆ ಕೈಬದಲಾಗುವ ಬಿಡಿ ಮನೆ ಅದರೊಳಗೆ ಬರೋದಿಲ್ಲ. ನಂಬರ್ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಮೋಸಗಾರ ಅಂತೇನಲ್ಲ.

ನಿಜವಾದ ಪರೀಕ್ಷೆ ಒಂದೇ: ಟೋಕನ್ ಕೊಡುವ ಮೊದಲೇ ಕಾಗದಪತ್ರದ ಜೆರಾಕ್ಸ್ ತಂದುಕೊಡ್ತಾರಾ? ಆ ಬಡಾವಣೆಗಳಲ್ಲಿ ಎಷ್ಟೋ ಸೈಟುಗಳು ಸಿಐಟಿಬಿ (ಹಿಂದಿನ ನಗರ ಸುಧಾರಣಾ ಮಂಡಳಿ) ಅಥವಾ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದವು. ಹಾಗಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ), ಆಮೇಲಿನ ಶುದ್ಧ ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಮಂಜೂರಾದ ನಕ್ಷೆ ಇಷ್ಟೂ ಕೇಳಿ. ‘ಅಡ್ವಾನ್ಸ್ ಕೊಡಿ, ಓನರ್ ಆಮೇಲೆ ಕೊಡ್ತಾರೆ’ ಅನ್ನುವವರನ್ನು ಅಲ್ಲಿಗೇ ಬಿಡಿ.

ಹಳೇ ಮನೆಗಳು ಸಿಕ್ಕಿಹಾಕಿಕೊಳ್ಳುವ ಜಾಗ ವಾರಸುದಾರಿಕೆ. ಸೈಟು ತಂದೆಯ ಹೆಸರಲ್ಲಿ ಮಂಜೂರಾಗಿರುತ್ತೆ, ಅವರು ತೀರಿಕೊಂಡ ಮೇಲೆ ಖಾತೆ ಒಬ್ಬ ಮಗನ ಹೆಸರಿಗೆ ಬಂದಿರುತ್ತೆ. ಖಾತೆ ಅಂದರೆ ತೆರಿಗೆ ಕಟ್ಟುವವರು ಯಾರು ಅನ್ನೋ ದಾಖಲೆ ಅಷ್ಟೇ, ಅದರಿಂದ ಮಾಲೀಕತ್ವ ಬರೋದಿಲ್ಲ. ಹಿಂದೂ ಕುಟುಂಬದ ಸ್ವಯಾರ್ಜಿತ ಆಸ್ತಿಯಾಗಿದ್ದು ವಿಲ್ ಬರೆಯದೆ ಹೋಗಿದ್ದರೆ ಹೆಂಡತಿ, ತಾಯಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿದೆ. ಮೂವರಿಗೂ ಒಂದೇ ಪ್ರಶ್ನೆ ಹಾಕಿ: ‘ವಂಶವೃಕ್ಷದಲ್ಲಿ ಎಷ್ಟು ಹೆಸರಿದೆ, ಸಹಿಗೆ ಎಷ್ಟು ಜನ ಬರ್ತಾರೆ?’ ಬಡಾವಣೆಯ ಹಳಬರಿಗೆ ಉತ್ತರ ಬಾಯಲ್ಲೇ ಇರುತ್ತೆ. ಅವರ ಉಪಯೋಗ ಇರೋದೇ ಇಲ್ಲಿ.

ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಋಣಗಳ ಪಟ್ಟಿ) ಮಾತ್ರ ಬ್ರೋಕರ್ ಕೊಟ್ಟಿದ್ದನ್ನು ನಂಬಬೇಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ನೀವೇ ತೆಗೆಸಿ, 2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣೋದಿಲ್ಲ. ಅದಕ್ಕೇ ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು. ಮೂಲ ಪತ್ರ ಮನೆಯಲ್ಲಿಲ್ಲ ಅಂದರೆ ಬಹುಶಃ ಎಲ್ಲೋ ಅಡಮಾನದಲ್ಲಿದೆ.

ಗಾರೆ_ಕರಣೆ:
ಕಟ್ಟಡದ ಮಾತು. ಒಳ್ಳೆಯ ಬ್ರೋಕರ್ ಕೀಲಿಕೈ ಎರಡು ಸಲ ಕೊಡಿಸ್ತಾನೆ: ಒಮ್ಮೆ ನಿಮಗೆ, ಇನ್ನೊಮ್ಮೆ ನೀವು ಕರೆತರುವ ಸ್ಟ್ರಕ್ಚರಲ್ ಎಂಜಿನಿಯರ್‌ಗೆ, ಕನಿಷ್ಠ ಒಂದೂವರೆ ಗಂಟೆ. ಮಳೆ ಬಿದ್ದ ಮಾರನೇ ದಿನ ಹೋಗಿ. ‘ಬಾಡಿಗೆಯವರಿಗೆ ತೊಂದರೆ, ಹತ್ತು ನಿಮಿಷದಲ್ಲಿ ನೋಡಿಬಿಡಿ’ ಅಂದರೆ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಲೆಕ್ಕ.

ಆ ಕಾಲದ ಆರ್‌ಸಿಸಿ ಮನೆಗಳಲ್ಲಿ ಮೊದಲು ಕೆಡೋದು ಬಚ್ಚಲುಮನೆಯ ಮೇಲಿನ ಸ್ಲ್ಯಾಬ್ ಮತ್ತು ಸಜ್ಜೆ. ಸಣ್ಣ ಸುತ್ತಿಗೆಯಿಂದ ತಳಭಾಗ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಬಿಟ್ಟುಕೊಂಡಿದೆ. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುತ್ತೆ, ಅದೇ ಒತ್ತಡಕ್ಕೆ ಕಂಬಿಯ ಉದ್ದಕ್ಕೂ ನೇರ ಬಿರುಕು ಬರುತ್ತೆ. ಅದರ ಮೇಲೆ ಪುಟ್ಟಿ ಬಳಿದು ‘ಹೊಸ ಪೇಂಟ್’ ಅಂತ ತೋರಿಸೋದು ಮಾಮೂಲು. ಗೋಡೆಯ ಕೆಳಗಿನ ಮೂರಡಿ ಮಾತ್ರ ಹೊಸದಾಗಿ ಬಳಿದಿದ್ದರೆ ತೇವ ಮೇಲೇರ್ತಿದೆ. ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಸಲೀಸಾಗಿ ಒಳಗೆ ಹೋಗುತ್ತೆ. ಹಳೇ ಜಿಐ ಪೈಪುಗಳು ಒಳಗೆ ತುಕ್ಕುಗಟ್ಟಿ ಸಣ್ಣಗಾಗಿರುತ್ತವೆ, ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ಗೊತ್ತಾಗುತ್ತೆ. ಮಂಜೂರಾದ ಲೋಡ್ ಎಷ್ಟು ಅಂತ ಸೆಸ್ಕ್ (ವಿದ್ಯುತ್ ಕಂಪನಿ) ಬಿಲ್ ನೋಡಿ. 1–2 ಕಿಲೋವ್ಯಾಟ್ ಇದ್ದರೆ ಗೀಸರ್, ಎಸಿಗೆ ವೈರಿಂಗ್ ಪೂರ್ತಿ ಹೊಸದಾಗಿ ಎಳೆಸಬೇಕು.

ರಿಪೇರಿ ಅಂದಾಜು ಬರೆಸಿಕೊಂಡ ಮೇಲೇ ಚೌಕಾಸಿಗೆ ಕೂರಿ. ಆ ಅಂದಾಜನ್ನು ಬ್ರೋಕರ್ ಕೊಟ್ಟ ಮೇಸ್ತ್ರಿ ಬರೆಯಬಾರದು. ವ್ಯಾಪಾರ ಕುದುರದಿದ್ದರೆ ಅವನಿಗೂ ಕೆಲಸವಿಲ್ಲ, ಹಾಗಾಗಿ ಎಲ್ಲಾ ‘ಬರೀ ಪೇಂಟಿಂಗ್’ ಆಗಿಬಿಡುತ್ತೆ. ಮೂರನೆಯವರ ‘ಎಲ್ಲಾ ನಾವೇ’ ಪ್ಯಾಕೇಜ್ ನನಗೆ ಬೇಡವೆನಿಸೋದು ಇದಕ್ಕೇ.

ಲೆಕ್ಕ_ಪಕ್ಕಾ:
2% ಕೇಳಿದ್ದಕ್ಕೇ ಆ ಬ್ರೋಕರನ್ನು ತಳ್ಳಿಹಾಕಬೇಡಿ. ಆ ದುಡ್ಡಿಗೆ ಏನು ಮಾಡ್ತಾರೆ, ಮಾರುವವರಿಂದಲೂ ತಗೋತಾರಾ ಅನ್ನೋದು ಮುಖ್ಯ. ಎರಡೂ ಕಡೆ ತಗೊಳ್ಳೋದು ರೂಢಿಯಲ್ಲಿದೆ, ಮುಚ್ಚಿಟ್ಟರೆ ತಪ್ಪು. ಅದಕ್ಕಿಂತ ಕೆಟ್ಟದ್ದು ‘ನೆಟ್ ರೇಟ್’: ಓನರ್‌ಗೆ 92 ಲಕ್ಷ ಸಾಕು ಅಂತ ಒಪ್ಪಿಸಿ, ನಿಮಗೆ 1 ಕೋಟಿ ಹೇಳಿ, ನಡುವಿನದು ಜೇಬಿಗೆ. ಬೆಲೆಯ ಮಾತು ಓನರ್ ಎದುರು ಕೂತೇ ಆಗಲಿ.

ಕಮಿಷನ್ ಒಪ್ಪಂದ ಒಂದು ಪುಟ ಸಾಕು: ಎಷ್ಟು ಶೇಕಡಾ, ಅರ್ಧ ಕ್ರಯದ ಕರಾರಿನ ದಿನ, ಅರ್ಧ ನೋಂದಣಿಯ ದಿನ, ಹಕ್ಕಿನಲ್ಲಿ ದೋಷ ಸಿಕ್ಕಿ ವ್ಯವಹಾರ ಮುರಿದರೆ ವಾಪಸ್. ಟೋಕನ್ ಬ್ರೋಕರ್ ಕೈಗೆ ಬೇಡ, ಓನರ್ ಖಾತೆಗೆ ಚೆಕ್ ಅಥವಾ ಆನ್‌ಲೈನ್. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ಮುಂಗಡ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಈಗ ಕೈಯಿಂದ ಹೋಗೋದು. ಮನೆ 1 ಕೋಟಿ ಅಂದರೆ ಆರ್‌ಬಿಐ ಮಿತಿಯಂತೆ ಸಾಲ ಹೆಚ್ಚೆಂದರೆ 75 ಲಕ್ಷ, ಅದೂ ಬ್ಯಾಂಕಿನ ವ್ಯಾಲ್ಯೂಯರ್ ಅಷ್ಟು ಬೆಲೆ ಒಪ್ಪಿದರೆ. ಹಳೇ ಕಟ್ಟಡಕ್ಕೆ ಅವರು ಕಡಿಮೆ ಹಾಕ್ತಾರೆ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2%. ಒಟ್ಟು 7.6 ಲಕ್ಷ. ಅಂದರೆ 25 + 7.6 + ಕಮಿಷನ್, ರಿಪೇರಿ ಬೇರೆ. ಖರೀದಿ ಸಾಲದಲ್ಲಿ ಸಾಮಾನ್ಯವಾಗಿ ರಿಪೇರಿ ಸೇರೋದಿಲ್ಲ, ಅದಕ್ಕೆ ಪ್ರತ್ಯೇಕ ಸಾಲ ಕೇಳಬೇಕಾಗಬಹುದು. ಬೆಲೆ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಇದನ್ನು ತಾನಾಗಿ ನೆನಪಿಸುವ ಬ್ರೋಕರ್ ಕೆಲಸ ಬಲ್ಲವನು.

ಹಳೇಮನೆ_ಹುಡುಕಾಟ:
ಬಡಾವಣೆಯ ಹಳಬರು ತೋರಿಸಿದ ಮನೆಯ ಓನರ್ ಅಮೆರಿಕದಲ್ಲಿದ್ದಾರೆ, ತಮ್ಮನಿಗೆ ಜಿಪಿಎ (ತನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟಿದ್ದಾರಂತೆ. ಪರವಾಗಿಲ್ಲವಾ?

ಕಡತ_ಕಟ್ಟು:
ಆಗುತ್ತೆ, ಆದರೆ ಮೂರು ವಿಷಯ. ಜಿಪಿಎಯಲ್ಲಿ ಮಾರುವ ಅಧಿಕಾರ, ಹಣ ಪಡೆಯುವ ಅಧಿಕಾರ ಎರಡೂ ಬರೆದಿರಬೇಕು. ವಿದೇಶದಲ್ಲಿ ಬರೆದ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು. ಓನರ್ ಅನಿವಾಸಿ ಆದ್ದರಿಂದ ಆ 1% ಟಿಡಿಎಸ್ ಇಲ್ಲಿ ನಡೆಯೋದಿಲ್ಲ, ದರ ಬಹಳ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರವನ್ನು ಅವರು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರಿಸಲಿ. ಕರಾರಿಗೆ ಮುಂಚೆ ಓನರ್ ಜೊತೆ ವಿಡಿಯೋ ಕರೆ ಮಾಡಿಸಿ ಅಂತ ಬ್ರೋಕರ್‌ಗೆ ಹೇಳಿ, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಮಾತಾಡಲಿ.